ಕಾಣದ ವ್ಯತ್ಯಾಸ: ಸಂಕೇತ ಪಾಠದ ಒಂದು ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಗೆ ‘ಸಂಕೇತ ಮತ್ತು ಅರ್ಥ’ ಎಂಬ ಭಾಷಾ ಚಟುವಟಿಕೆಯನ್ನು ಎರಡು ಪಿರಿಯಡ್‌ಗಳಲ್ಲಿ ನಡೆಸಿದೆ. ಮೊದಲನೆಯದರಲ್ಲಿ ನಾನು ಮಾಡಿದ ತಪ್ಪೇ ಎರಡನೆಯದರ ಪಾಠವಾಯಿತು. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರಿಕಲ್ಪನೆ

ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸಸ್ಯೂರ್ (1857–1913) ಪ್ರಕಾರ ಸಂಕೇತಕ್ಕೆ ಎರಡು ಮುಖಗಳು. ನಾವು ಗ್ರಹಿಸುವ ರೂಪ ‘ಸೂಚಕ’. ಅದು ಮನಸ್ಸಿನಲ್ಲಿ ಮೂಡಿಸುವ ಅರ್ಥ ‘ಸೂಚಿತ’. ಇವೆರಡರ ನಂಟು ಹುಟ್ಟಿನಿಂದ ಬಂದದ್ದಲ್ಲ, ಬಳಸುವವರ ರೂಢಿಯಿಂದ ಬಂದದ್ದು. ಜೊತೆಗೆ, ಒಂದು ಸಂಕೇತಕ್ಕೆ ಬೆಲೆ ಬರುವುದು ಅದು ಉಳಿದವುಗಳಿಗಿಂತ ಬೇರೆಯಾಗಿರುವುದರಿಂದ. ‘ಬಲೆ’, ‘ಬಳೆ’ ಎಂಬ ಪದಗಳನ್ನು ಬೇರೆ ಮಾಡುವುದು ಲಕಾರ, ಳಕಾರಗಳ ವ್ಯತ್ಯಾಸವೊಂದೇ.

ಮೊದಲ ದಿನ

ಆಹಾರದ ಪೊಟ್ಟಣಗಳ ಮೇಲಿನ ಗುರುತುಗಳನ್ನು ಉದಾಹರಣೆಯಾಗಿ ಆರಿಸಿದೆ. ಚಾರ್ಟ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಎರಡು ಚೌಕ ಬರೆದು, ಒಂದರೊಳಗೆ ಹಸಿರು ಚುಕ್ಕೆ, ಇನ್ನೊಂದರೊಳಗೆ ಕಂದು ಚುಕ್ಕೆ ಇಟ್ಟೆ. ಯಾವುದು ಸಸ್ಯಾಹಾರ, ಯಾವುದು ಮಾಂಸಾಹಾರ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಎರಡೂ ಒಂದೇ ಅಲ್ವಾ ಮಿಸ್?” ಎಂದ. ತರಗತಿ ನಕ್ಕಿತು. “ಸರಿಯಾಗಿ ನೋಡಿ ಹೇಳಪ್ಪ” ಎಂದು ಗದರಿದೆ. ಆಮೇಲೆ ಅವನು ಬಾಯಿ ಬಿಡಲಿಲ್ಲ. ನನ್ನ ದಿನಚರಿಯಲ್ಲಿ ‘ಗಮನ ಕೊಡುವುದಿಲ್ಲ’ ಎಂದು ಬರೆದೆ.

ಮಾರ್ಗದರ್ಶಕ ಶಿಕ್ಷಕರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಚಾರ್ಟಿನಲ್ಲಿ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸ ಏನಿದೆಯಮ್ಮ?” ಏನೂ ಇರಲಿಲ್ಲ. ನಾನು ಬರೆದದ್ದು ಹಳೆಯ ಗುರುತು. 2020ರ ಲೇಬಲಿಂಗ್ ನಿಯಮಗಳಲ್ಲಿ ಮಾಂಸಾಹಾರದ ಗುರುತು ಕಂದು ತ್ರಿಕೋನವಾಗಿದೆ. ಸಸ್ಯಾಹಾರದ್ದು ಹಸಿರು ವೃತ್ತವಾಗಿಯೇ ಉಳಿದಿದೆ. ಬಣ್ಣಗುರುಡು ಇರುವವರಿಗೂ ಗುರುತು ತಿಳಿಯಲಿ ಎಂಬುದೇ ಈ ಬದಲಾವಣೆಯ ಉದ್ದೇಶ.

ಎರಡನೇ ದಿನ

ಈ ಬಾರಿ ಚಾರ್ಟ್ ಬಿಟ್ಟು ಖಾಲಿ ಪೊಟ್ಟಣಗಳನ್ನೇ ಒಯ್ದೆ. ಹುಡುಗ ಎಲ್ಲರಿಗಿಂತ ಮೊದಲು ವಿಂಗಡಿಸಿದ. ಬಳಿಕ ಸಂಚಾರ ದೀಪದ ಮಾತು ಬಂತು. “ಕೆಂಪು ಬಂದರೆ ನಿಲ್ಲಬೇಕು” ಎಂದರು ಮಕ್ಕಳು. ಅವನು ಮೆಲ್ಲಗೆ, “ನಾನು ಮೇಲಿನ ದೀಪ ನೋಡ್ತೀನಿ ಮಿಸ್. ಮೇಲಿಂದು ಹತ್ತಿದ್ರೆ ನಿಲ್ಲೋದು, ಕೆಳಗಿಂದು ಹತ್ತಿದ್ರೆ ಹೋಗೋದು” ಎಂದ. ಈ ಸಲ ಯಾರೂ ನಗಲಿಲ್ಲ. ಯಾರೂ ಹೇಳಿಕೊಡದ ಸೂಚಕವೊಂದನ್ನು ಅವನು ತಾನೇ ಕಂಡುಕೊಂಡಿದ್ದ.

ಕಂಡುಕೊಂಡದ್ದು

ವ್ಯತ್ಯಾಸ ಗ್ರಹಿಕೆಗೆ ಸಿಕ್ಕದಿದ್ದರೆ ಸಂಕೇತವೇ ಇಲ್ಲ. ‘ಬಳೆ’ಯನ್ನು ‘ಬಲೆ’ ಎಂದು ಬರೆಯುವ ಮಗುವಿಗೂ ಇದೇ ಮಾತು ಸಲ್ಲುತ್ತದೆ: ತಿದ್ದುವ ಮೊದಲು, ಆ ಎರಡು ಧ್ವನಿಗಳು ಅದಕ್ಕೆ ಬೇರೆಬೇರೆಯಾಗಿ ಕೇಳುತ್ತಿವೆಯೇ ಎಂದು ನೋಡಬೇಕು.

ಹುಡುಗನಿಗೆ ಬಣ್ಣಗುರುಡು ಇದೆಯೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಕಣ್ಣಿನ ತಪಾಸಣೆ ಮಾಡಿಸುವಂತೆ ತರಗತಿ ಶಿಕ್ಷಕರ ಮೂಲಕ ಮನೆಯವರಿಗೆ ತಿಳಿಸಿದ್ದೇನೆ. ನನ್ನ ಕೆಲಸ ಎರಡು. ಕಲಿಕೋಪಕರಣದಲ್ಲಿ ಬಣ್ಣದ ಜೊತೆಗೆ ಆಕಾರವನ್ನೋ ಅಕ್ಷರವನ್ನೋ ಸೇರಿಸುವುದು ಒಂದು. ದಿನಚರಿಯ ಆ ಸಾಲನ್ನು ಹೊಡೆದುಹಾಕುವುದು ಇನ್ನೊಂದು. ಅಂದು ಗಮನ ಕೊಡದವಳು ನಾನೇ.