ಹಾಲಿನ ದಾರಿಗೆ ಒಂದು ನಕ್ಷೆ



ನೀವು ಹಿಂಡಿದ ಹಾಲು ಧಾರವಾಡದ ಲಕಮನಹಳ್ಳಿ ಡೇರಿ ಮುಟ್ಟುವ ತನಕ ಎಷ್ಟು ಪಾತ್ರೆ ಬದಲಿಸುತ್ತದೆ? ಹಿಂಡುವ ಪಾತ್ರೆ, ಮನೆಯ ಕ್ಯಾನು, ಸಂಘದ ಅಳತೆ ಪಾತ್ರೆ, 40 ಲೀಟರ್ ಕ್ಯಾನು, ಶೀತಲೀಕರಣ ತೊಟ್ಟಿ, ಟ್ಯಾಂಕರ್. ಡೇರಿಗಳಲ್ಲಿ ತೊಟ್ಟಿ, ಕೊಳವೆ, ಯಂತ್ರಗಳ ನಕ್ಷೆ ಬರೆದು, ಹಾಲು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಬಾಣದಿಂದ ಗುರುತಿಸುತ್ತಾರೆ. ಅಂಥ ನಕ್ಷೆ ಪ್ರತಿ ಸಂಘಕ್ಕೂ ಬೇಕು.

ಕೂಡಿದ ಹಾಲು ಬೇರೆಯಾಗದು

ಒಂದು ಸಲಕ್ಕೆ ಒಟ್ಟಾಗಿ ಸಾಗುವ ಹಾಲಿಗೆ ‘ಬ್ಯಾಚ್’ ಎನ್ನುತ್ತಾರೆ. ಹಲವು ಮನೆಯ ಹಾಲು ಸೇರಿದ ಕ್ಯಾನು ಒಂದು ಬ್ಯಾಚ್; ಹಲವು ಕ್ಯಾನು ಸುರಿದ ತೊಟ್ಟಿ ದೊಡ್ಡ ಬ್ಯಾಚ್. ಹುಳಿ ಹಾಲು ಕ್ಯಾನಿನಲ್ಲೇ ಸಿಕ್ಕರೆ ನಷ್ಟ 40 ಲೀಟರ್. ತೊಟ್ಟಿಗೆ ಬಿದ್ದ ಮೇಲೆ ಸಿಕ್ಕರೆ ಎಲ್ಲ ಸದಸ್ಯರ ಹಣ ಹೋಯಿತು. ಆದ್ದರಿಂದ ಪರೀಕ್ಷೆ ಸುರಿಯುವ ಮೊದಲೇ ಆಗಬೇಕು.

ಡೇರಿಯಲ್ಲಿ ಕಾಯಿಸುತ್ತಾರಲ್ಲ ಎನ್ನಬೇಡಿ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 15 ಸೆಕೆಂಡು ಹಿಡಿಯುತ್ತಾರೆ. ಅಷ್ಟು ಕಾಯದ ಹಾಲನ್ನು ಕವಾಟವೊಂದು ತಾನಾಗಿಯೇ ಹಿಂದಕ್ಕೆ ತಿರುಗಿಸುತ್ತದೆ. ಇದರಿಂದ ರೋಗಾಣು ಸಾಯುತ್ತವೆ. ಆದರೆ ಹುಳಿಯೂ ಔಷಧದ ಅಂಶವೂ ಹೋಗುವುದಿಲ್ಲ.

ನಕ್ಷೆ ಬರೆಯುವ ಕ್ರಮ

1. ಪ್ರತಿ ಪಾತ್ರೆಗೆ ಒಂದು ಚೌಕ ಬರೆದು, ಅದರಲ್ಲಿ ಹಿಡಿಸುವ ಲೀಟರ್ ನಮೂದಿಸಿ. ಕ್ಯಾನುಗಳ ಮೇಲೆ ಬಣ್ಣದಿಂದ ಸಂಖ್ಯೆ ಬರೆಸಿ.

2. ಚೌಕದಿಂದ ಚೌಕಕ್ಕೆ ಬಾಣ ಎಳೆದು, ತಗಲುವ ಸಮಯ ಬರೆಯಿರಿ. ಹಾಲು ಬೇಗನೆ 4 ಡಿಗ್ರಿಗೆ ತಣಿಯಬೇಕು. ಜೋಯಿಡಾದ ಕಾಡಿನ ನಡುವಿನ ಮನೆಗಳಂತೆ ದೂರವಿದ್ದಲ್ಲಿ ಹಾಲು ತಡವಾಗುವುದು ಎಲ್ಲಿ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

3. ಯಾವ ಕ್ಯಾನಿಗೆ ಯಾವ ಸದಸ್ಯರ ಹಾಲು ಹೋಯಿತೆಂದು ದಿನವಹಿ ಪುಸ್ತಕದಲ್ಲಿ ಕ್ಯಾನಿನ ಸಂಖ್ಯೆ ಬರೆಯಿರಿ.

4. ಖಾಲಿ ಪಾತ್ರೆಯ ಮರುದಾರಿಯನ್ನೂ ತೋರಿಸಿ: ತಣ್ಣೀರು, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು, ಮತ್ತೆ ಶುದ್ಧ ನೀರು, ಕೊನೆಗೆ ಸ್ಟ್ಯಾಂಡಿನ ಮೇಲೆ ಬೋರಲು. ತೊಳೆಯದ ಪಾತ್ರೆಗೆ ಹೊಸ ಹಾಲು ಸುರಿಯಬಾರದು.

ಕೆಚ್ಚಲು ಬಾವಿಗೆ ಔಷಧ ಪಡೆದ ಆಕಳು, ಎಮ್ಮೆಯ ಹಾಲಿಗೆ ಈ ನಕ್ಷೆಯಲ್ಲಿ ದಾರಿಯೇ ಇಲ್ಲ. ಔಷಧ ಏರಿಸಿದ್ದು ಒಂದೇ ಮೊಲೆಗಾದರೂ, ನಾಲ್ಕೂ ಮೊಲೆಗಳ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಬೇರೆ ಹಿಂಡಿ ಚೆಲ್ಲಿರಿ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಕಾರ್ಯದರ್ಶಿಗಳು ಈ ನಕ್ಷೆಯನ್ನು ಸಂಘದ ಗೋಡೆಗೆ ಅಂಟಿಸಲಿ. ಹಾಲು ತಿರಸ್ಕೃತವಾದ ದಿನ ಟ್ಯಾಂಕರಿನಿಂದ ತೊಟ್ಟಿಗೆ, ತೊಟ್ಟಿಯಿಂದ ಕ್ಯಾನಿಗೆ, ಕ್ಯಾನಿನಿಂದ ಮನೆಗೆ ಹಿಂದಿರುಗಿ ನೋಡಬಹುದು. ದೋಷವಿದ್ದ ಕಡೆ ಸರಿಪಡಿಸಬಹುದು. ಒಳ್ಳೆಯ ಹಾಲು ಹಾಕಿದವರ ಮೇಲೆ ಸುಮ್ಮನೆ ಸಂಶಯ ಬರುವುದೂ ತಪ್ಪುತ್ತದೆ.