ಅಜ್ಜನ ಕಾರಿಗೆ ನಮ್ಮ ಬಣ್ಣ ಬಳಿಯಬಹುದೇ?

ಪ್ರಶ್ನೆ: ನನಗೆ 53 ವರ್ಷ. ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇವೆ. ಪಕ್ಕದ ಮನೆಯಲ್ಲಿದ್ದ ಹಿರಿಯರೊಬ್ಬರು, ನನ್ನ ಮಗಳು ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದಳು, ತಮ್ಮ 1966ರ ಪಾಂಟಿಯಾಕ್ ಜಿಟಿಒ ಕಾರನ್ನು ಕಡಿಮೆ ಬೆಲೆಗೆ ನನಗೇ ಕೊಟ್ಟರು. ಮರುವರ್ಷ ತೀರಿಕೊಂಡರು. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತುವುದನ್ನು ಕಲಿಸಿದವರು ಅವರು. ಕಾರನ್ನು ಹೊಸದರಂತೆ ಮಾಡುತ್ತೇನೆಂದು ಪೂರ್ತಿ ಬಿಚ್ಚಿದೆ. ನಾಲ್ಕು ವರ್ಷವಾಯಿತು, ಗ್ಯಾರೇಜಿನ ತುಂಬ ಬಿಡಿಭಾಗಗಳು. ಪತ್ನಿ ತನ್ನ ಕಾರನ್ನು ಹಿಮದಲ್ಲಿ ನಿಲ್ಲಿಸುತ್ತಾಳೆ, ಈಗೀಗ ಬೈಯುವುದನ್ನೂ ಬಿಟ್ಟಿದ್ದಾಳೆ. ಮಗಳಿಗೆ ಕಡುಹಸಿರು ಬಣ್ಣ ಬೇಕು, ನನಗೂ ಅದೇ ಇಷ್ಟ. ಆದರೆ ಹಳೆ ಕಾರುಗಳನ್ನು ಬಲ್ಲ ಪರಿಚಯದವರೊಬ್ಬರು, ಒರಿಜಿನಲ್ ನೀಲಿ ಬದಲಿಸಿದರೆ ಕಾರನ್ನು ಕೊಂದ ಹಾಗೆ ಅಂದರು. ಅಂದಿನಿಂದ ಪಾನಾ ಮುಟ್ಟಿಲ್ಲ. ಗ್ಯಾರೇಜಿನಲ್ಲಿ ಸುಮ್ಮನೆ ಕೂತು ಎದ್ದು ಬರುತ್ತೇನೆ. ಮಾರಿಬಿಡಲೇ? ಅಜ್ಜನಿಗೆ ಮೋಸ ಮಾಡಿದ ಹಾಗಾಗುತ್ತದೆಯೇ?

ಉತ್ತರ: ನೀವು ಕೇಳಿರುವುದು ಕಾರಿನ ವಿಷಯ. ಆದರೆ ಪತ್ರದ ತುಂಬ ಇರುವವರು ಆ ಹಿರಿಯರು. ನೆಂಟರಿಷ್ಟರಿಲ್ಲದ ಊರಲ್ಲಿ ನೆಲೆಯೂರುವಾಗ ಪಕ್ಕದ ಮನೆಯವರು ಕೈ ಹಿಡಿದರೆ, ಅವರು ತಂದೆಯ ಜಾಗಕ್ಕೆ ಬಂದುಬಿಡುತ್ತಾರೆ. ಅವರು ಹೋದಾಗ ಮಾತ್ರ ನಿಮಗೆ ಸೂತಕವಿಲ್ಲ, ಆಫೀಸಿನ ರಜೆಯಿಲ್ಲ, ತಿಥಿಯಿಲ್ಲ. ಸಮಾಧಾನ ಹೇಳಲು ಯಾರೂ ಮನೆಗೆ ಬರುವುದಿಲ್ಲ. ಆ ದುಃಖಕ್ಕೆ ಎಲ್ಲಾದರೂ ಒಂದು ಜಾಗ ಬೇಕಿತ್ತು, ಅದು ಗ್ಯಾರೇಜು ಸೇರಿರಬಹುದು. ಕಾರು ಮುಗಿದರೆ ಅವರ ಜೊತೆಗಿನ ಕೆಲಸವೂ ಮುಗಿದುಹೋಗುತ್ತದೆ ಎಂಬ ಅಳುಕೂ ಒಳಗೆಲ್ಲೋ ಇರಬಹುದು. ನಿಮ್ಮ ಕೈ ನಿಂತಿದ್ದು ಸೋಮಾರಿತನದಿಂದಲ್ಲ ಎಂದು ನನಗನ್ನಿಸುತ್ತದೆ. ಸುಮ್ಮನೆ ಕೂತು ಬರುತ್ತೀರಲ್ಲ, ಅದಕ್ಕೆ ನಾಚಿಕೊಳ್ಳಬೇಡಿ.

ಬಿಚ್ಚಿದ್ದು ಅರ್ಧಕ್ಕೆ ನಿಂತಿದೆ ಎನ್ನುವುದಕ್ಕೂ ನಾಚಿಕೆ ಬೇಡ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದವರು ಹಳೆ ಕಾರು ಬಿಚ್ಚಿ ನೋಡಿರಲಿಲ್ಲ! 1968ರ 'ಬುಲಿಟ್' ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ ಕಾರನ್ನು 1974ರಲ್ಲಿ ಒಂದು ಸಾಧಾರಣ ಕುಟುಂಬ ಕೊಂಡಿತ್ತು. ಆ ಮನೆಯ ಗೃಹಿಣಿ ಶಾಲೆಗೆ ಪಾಠ ಮಾಡಲು ಅದರಲ್ಲೇ ಹೋಗಿಬರುತ್ತಿದ್ದರು. 1980ರಲ್ಲಿ ಕ್ಲಚ್ ಕೆಟ್ಟು ಕಾರು ಮೂಲೆ ಸೇರಿತು. ಎಷ್ಟೋ ವರ್ಷಗಳ ಮೇಲೆ ಅಪ್ಪ, ಮಗ ಸೇರಿ ರಿಪೇರಿಗೆ ಕೈಹಾಕಿದರೆ, ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಅದೂ ನಿಂತಿತು. ಅಪ್ಪ ಹೋದ ಮೇಲೆ ಮಗ ಅದನ್ನು ಓಡುವ ಸ್ಥಿತಿಗೆ ತಂದು, ಗೀರು, ತಗ್ಗು, ಮಾಸಿದ ಬಣ್ಣ ಎಲ್ಲವನ್ನೂ ಹಾಗೇ ಉಳಿಸಿಕೊಂಡು 2018ರಲ್ಲಿ ನಿಮ್ಮದೇ ಡೆಟ್ರಾಯಿಟ್ ಪ್ರದರ್ಶನಕ್ಕೆ ತಂದರು. ಹರಾಜಿನಲ್ಲಿ ಅದಕ್ಕೆ ಬಂದ ಬೆಲೆಯ ಮಾತು ಇಲ್ಲಿ ಬೇಡ. ನಾಲ್ಕು ವರ್ಷ ತಡವಾಯಿತು ಎಂದು ಹಲುಬುವವರಿಗೆ ಆ ಮನೆಯ ಕಥೆ ಗೊತ್ತಿರಲಿ ಅಂತ ಹೇಳಿದೆ.

ಈಗ ಆ 'ಒರಿಜಿನಲ್' ವಿಷಯ. ನಿಮ್ಮ ಪರಿಚಯದವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಾರ್ಖಾನೆಯಿಂದ ಬಂದ ಎಂಜಿನ್, ಅದೇ ಬಣ್ಣ ಇದ್ದರೆ ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಅದು ಪೇಟೆಯ ಲೆಕ್ಕ. ಅದನ್ನು ಧರ್ಮ-ಅಧರ್ಮದ ಪ್ರಶ್ನೆ ಮಾಡಿಕೊಳ್ಳುವ ಅಗತ್ಯವಿಲ್ಲ. ಜಿಟಿಒ ಹುಟ್ಟಿದ್ದು ಹೇಗೆ ಎಂದು ಸ್ವಲ್ಪ ನೆನಪಿಸಿಕೊಳ್ಳಿ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಬಾರದೆಂದು ಪಾಂಟಿಯಾಕ್‌ನ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನಲ್ಲಿ ಕಟ್ಟಳೆ ಇತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಟೆಂಪೆಸ್ಟ್ ಕಾರಿಗೆ 6.4 ಲೀಟರಿನ ವಿ8 ಎಂಜಿನ್ನನ್ನು, ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಐಚ್ಛಿಕ ಸಾಮಾನೆಂದು ತೋರಿಸಿ ಆ ಕಟ್ಟಳೆಯಿಂದ ನುಣುಚಿಕೊಂಡರು. ಐದು ಸಾವಿರ ಹೋದರೆ ಸಾಕು ಅಂದುಕೊಂಡಿದ್ದದ್ದು ಆ ವರ್ಷವೇ 32 ಸಾವಿರ ದಾಟಿತು. ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುವುದು ಈ ಕಾರಿನ ಹುಟ್ಟುಗುಣ.

1966ರಲ್ಲಿ ಅದನ್ನು ಕೊಂಡವರು ಷೋರೂಮಿನಲ್ಲಿ ಪಟ್ಟಿ ಹಿಡಿದು ಕೂತು ಆರಿಸುತ್ತಿದ್ದರು: ಕಾರ್ಬ್ಯುರೇಟರ್ ಒಂದು ಸಾಕೋ, ಮೂರು ಬೇಕೋ, ಗೇರು ಮೂರೋ, ನಾಲ್ಕೋ, ಒಳಗಿನ ಸೀಟಿಗೆ ಯಾವ ಬಣ್ಣ. ನೀವು ಜೋಪಾನ ಮಾಡುತ್ತಿರುವ ನೀಲಿಯೂ ಯಾರೋ ಒಬ್ಬರು ತಮ್ಮ ಖುಷಿಗೆ ಆರಿಸಿಕೊಂಡಿದ್ದೇ. ಪಾಂಟಿಯಾಕ್ ಕಾರುಗಳ ಮೂಲ ಬಿಲ್ಲಿನ ದಾಖಲೆಯನ್ನು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಶುಲ್ಕ ಪಡೆದು ಒದಗಿಸುತ್ತದೆ. ಮೊದಲು ಅದನ್ನು ತರಿಸಿ. ನಿಮ್ಮ ಕಾರಿಗೆ ಅಂದು ಏನೇನು ಹಾಕಿಸಲಾಗಿತ್ತೆಂದು ಮಗಳ ಜೊತೆ ಕೂತು ಓದಿ. ಆ ಬಿಲ್ಲು ನಿಮ್ಮ ಕೈಯಲ್ಲಿದ್ದರೆ, ಹಸಿರು ಬಳಿದ ಮೇಲೂ ನೀಲಿಯ ಚರಿತ್ರೆ ಎಲ್ಲಿಗೂ ಹೋಗುವುದಿಲ್ಲ. 1966ರ ಒಂದು ವರ್ಷದಲ್ಲೇ ಸುಮಾರು 97 ಸಾವಿರ ಜಿಟಿಒಗಳು ಮಾರಾಟವಾಗಿದ್ದವು. ಇರುವ ಒಂದೇ ಒಂದನ್ನು ಹಾಳು ಮಾಡಿದೆನೆಂಬ ಭಾರ ಹೊರಬೇಡಿ.

ಬಣ್ಣಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮ ಇನ್ನೊಂದು ಮಾತು. 'ಬೈಯುವುದನ್ನೂ ಬಿಟ್ಟಿದ್ದಾಳೆ' ಎಂದಿದ್ದೀರಿ. ಇದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಜನವರಿಯ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವವರು ನೀವಲ್ಲ, ಅವರು. ಅಜ್ಜನನ್ನು ಕಳೆದುಕೊಂಡ ನೋವು ಅವರಿಗೂ ಇರಬಹುದು. ನೀವಿಬ್ಬರೂ ಅದರ ಬಗ್ಗೆ ಒಮ್ಮೆಯಾದರೂ ಬಾಯಿಬಿಟ್ಟು ಮಾತಾಡಿದ್ದೀರಾ? ಸಮರ್ಥನೆ ಬೇಡ, 'ನಾಲ್ಕು ಚಳಿಗಾಲ ನಿನಗೆ ತೊಂದರೆ ಕೊಟ್ಟೆ' ಎಂದು ಶುರುಮಾಡಿ. ಮುಂದಿನ ಹಿಮ ಬೀಳುವ ಮುನ್ನ ಅರ್ಧ ಗ್ಯಾರೇಜು ಖಾಲಿ ಮಾಡಿಕೊಡಿ. ಸೀಟುಗಳು ನೆಲಮಾಳಿಗೆಗೆ ಹೋಗಲಿ, ಮಡ್‌ಗಾರ್ಡ್‌ಗಳು ಗೋಡೆಗೆ ಏರಲಿ, ಬೇಕಾದರೆ ಸಣ್ಣ ಗೋದಾಮು ಬಾಡಿಗೆಗೆ ಹಿಡಿಯಿರಿ. ಇದೊಂದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಖರ್ಚಿನ ಲೆಕ್ಕವನ್ನೂ ಅವರ ಮುಂದಿಡಿ. ಇಂಥ ಕೆಲಸದಲ್ಲಿ ಹಾಕಿದ ದುಡ್ಡು ಮಾರಿದಾಗ ಪೂರ್ತಿ ಹಿಂದಿರುಗುವುದು ಅಪರೂಪ. ಅದನ್ನು ಹವ್ಯಾಸದ ಖರ್ಚೆಂದು ಇಬ್ಬರೂ ಒಪ್ಪಿ ತಿಂಗಳಿಗೆ ಇಷ್ಟು ಎಂದು ಗೆರೆ ಎಳೆದುಕೊಳ್ಳಿ.

ಇಷ್ಟಾದ ಮೇಲೆ ಪಾನಾ ಹಿಡಿಯಿರಿ. ಬಣ್ಣದಿಂದ ಬೇಡ, ಬ್ರೇಕಿನಿಂದ. 1966ರ ಜಿಟಿಒಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದು. ಎಲ್ಲಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಹೋದವು. ಮರುವರ್ಷ ಕಂಪನಿಯೇ ಅದನ್ನು ಎರಡು ಕೋಣೆಯದ್ದಾಗಿ ಬದಲಿಸಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಆಯ್ಕೆಗೆ ಇಟ್ಟಿತು. ನೀವೂ ಹಾಗೇ ಬದಲಿಸಿಕೊಳ್ಳಬಹುದು. ಬೋಲ್ಟು ಬಿಗಿದು ಕೂರಿಸುವಂಥದ್ದು, ಏನನ್ನೂ ಕತ್ತರಿಸಬೇಕಿಲ್ಲ. ಹಳೆಯ ಡ್ರಮ್ಮುಗಳಿಗೆ ಎಣ್ಣೆ ಸವರಿ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಿ. ಹಿಂದಕ್ಕೆ ಬದಲಿಸಬಹುದಾದ್ದನ್ನು ಧಾರಾಳವಾಗಿ ಬದಲಿಸಿ, ಕತ್ತರಿಸಬೇಕಾದ್ದನ್ನು ಒಂದು ವರ್ಷ ಮುಂದೂಡಿ. ಮಗಳು ಕೂರುವ ಕಾರು, ಭುಜದ ಮೇಲೆ ಬರುವ ಬೆಲ್ಟನ್ನೂ ಮರೆಯಬೇಡಿ.

ಅವಳು ಕೈಜೋಡಿಸುವುದಾದರೆ ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು, ಸ್ಟ್ಯಾಂಡು ಕೊಟ್ಟಿರಲೇಬೇಕು. ಹಳೆಯ ಬ್ರೇಕಿನ ಧೂಳಿನಲ್ಲಿ ಕಲ್ನಾರು, ಹಳೆ ಬಣ್ಣದಲ್ಲಿ ಸೀಸ ಇರಬಹುದು. ಗಾಳಿ ಊದಿ ಕೊಡವುವುದು, ಒಣಗಿದ ಬಣ್ಣ ಉಜ್ಜುವುದು ಬೇಡ. ಕೊನೆಯ ಬಣ್ಣವನ್ನು ಪೇಂಟಿಂಗ್ ಷಾಪಿಗೇ ಬಿಡಿ. ಹಸಿರು ಎಂದು ತೀರ್ಮಾನವಾದರೆ ಬಾಗಿಲಿನ ಒಳಸಂದಿ, ಡಿಕ್ಕಿ, ಎಂಜಿನ್ ಸುತ್ತಮುತ್ತ ಎಲ್ಲವೂ ಹಸಿರಾಗಬೇಕು. ಅರೆಬರೆ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೆ ಕಾರುಗಳ ಡ್ರೀಮ್ ಕ್ರೂಸ್ ನಡೆಯುತ್ತದಲ್ಲ, ಮನೆಮಂದಿಯೆಲ್ಲ ಹೋಗಿ ಬನ್ನಿ. ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಂಡವರೂ ತಮ್ಮ ಮನಸ್ಸಿನಂತೆ ಮಾಡಿಕೊಂಡವರೂ ಅಲ್ಲಿ ಅಕ್ಕಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಒಂದು ವಿಷಯ ಮುಲಾಜಿಲ್ಲದೆ ಕೇಳುತ್ತೇನೆ. ಗ್ಯಾರೇಜಿನಲ್ಲಷ್ಟೇ ಹೀಗೋ, ಅಥವಾ ಆಫೀಸು, ಊಟ, ನಿದ್ದೆ ಯಾವುದರಲ್ಲೂ ಮನಸ್ಸಿಲ್ಲವೋ? ಎರಡನೆಯದಾದರೆ ಕಾರನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ಕಂಪನಿಯಲ್ಲಿ ಉದ್ಯೋಗಿಗಳಿಗೆ ಆಪ್ತಸಮಾಲೋಚನೆಯ ಸೌಲಭ್ಯ ಇದೆಯೇ ವಿಚಾರಿಸಿ. ಬದುಕೇ ಬೇಡ ಅನ್ನಿಸುವ ಗಳಿಗೆ ಬಂದರೆ ಅಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅಪ್ಪನ ಜಾವಾ ಬೈಕನ್ನು ಟಾರ್ಪಾಲಿನಡಿ ಮುಚ್ಚಿಟ್ಟು ಮುಟ್ಟಲಾಗದೆ ಕೂತಿರುವ ಮೈಸೂರಿನವರೂ ಇದನ್ನು ಓದುತ್ತಿರಬಹುದು. ಇಲ್ಲಿಯವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಮಾರುವುದು ಮೋಸವಲ್ಲ. ಬ್ರೇಕಿನ ಕೆಲಸ ಮುಗಿದ ಮೇಲೂ ಗ್ಯಾರೇಜಿನ ಬಾಗಿಲು ತೆರೆಯಲು ಮನಸ್ಸೇ ಬಾರದಿದ್ದರೆ ಮಾರಿ. ಬಿಡಿಬಿಡಿಯಾಗಿ ಬೇಡ, ನಟ್ಟು-ಬೋಲ್ಟಿನ ಪೊಟ್ಟಣಗಳ ಸಮೇತ, ಬಿಲ್ಲು, ಫೋಟೊಗಳ ಸಮೇತ, ಮುಗಿಸುವೆ ಎನ್ನುವವರ ಕೈಗೆ ಕೊಡಿ. ಬಾಗಿಲ ಕಂಬದ ಮೇಲಿನ ನಂಬರ್ ತಗಡನ್ನು ಕೀಳುವ ಹಾಗಿಲ್ಲ, ಅದು ಕಾನೂನಿನ ವಿಷಯ. ಕೊಳ್ಳುವವರನ್ನು ಹುಡುಕುವ ಮುನ್ನ ಆ ಹಿರಿಯರ ಮಕ್ಕಳು ಯಾರಾದರೂ ಇದ್ದರೆ ಒಂದು ಮಾತು ಕೇಳಿ. ಅವರಿಗೇ ಬೇಕಾಗಿರಬಹುದು.