ಮಾಡ್ಯೂಲ್ ಪಟ್ಟಿ ಪ್ರೋಗ್ರಾಂಗೂ ಅರ್ಥ ಆಗಬೇಕಾದರೆ

ಕ್ಲಸ್ಟರ್‌ಗೆ ಲಾಗಿನ್ ಆದ ಮೇಲೆ ನಾವೆಲ್ಲ ಮೊದಲು ಹೊಡೆಯುವ ಕಮಾಂಡ್ ‘ಮಾಡ್ಯೂಲ್ ಅವೇಲ್’. ಒಂದೇ ಮಷೀನ್‌ನಲ್ಲಿ ಜಿಸಿಸಿ 9 ಬೇಕಾದವರೂ ಇರ್ತಾರೆ, 12 ಬೇಕಾದವರೂ ಇರ್ತಾರೆ. ಯಾರಿಗೆ ಯಾವುದು ಬೇಕೋ ಅದನ್ನು ‘ಮಾಡ್ಯೂಲ್ ಲೋಡ್’ ಕೊಟ್ಟು ತಗೊಳ್ಳೋದು. ಈ ಐಡಿಯಾ ಹಳೆಯದು, ಜಾನ್ ಫರ್ಲಾನಿ 1991ರಲ್ಲೇ ಇದರ ಬಗ್ಗೆ ಪೇಪರ್ ಬರೆದಿದ್ದರು. ಇವತ್ತು ಬಹಳ ಕಡೆ ಕಾಣುವ ಎಲ್‌ಮಾಡ್, ಟೆಕ್ಸಾಸ್‌ನಲ್ಲಿ ರಾಬರ್ಟ್ ಮೆಕ್‌ಲೇ ಅವರು ಲುವಾ ಭಾಷೆಯಲ್ಲಿ ಬರೆದದ್ದು.

ಈಗ ಆ ಪಟ್ಟಿಯನ್ನು ಒಂದು ಸ್ಕ್ರಿಪ್ಟ್ ಓದಿ, ಜೂನಿಯರ್‌ಗಳಿಗೆ ವೆಬ್ ಪುಟ ಮಾಡಿಕೊಡಬೇಕು ಅಂದುಕೊಳ್ಳೋಣ. ಪುಟದಲ್ಲಿ ಹೆಸರಿಲ್ಲ ಅಂದ್ರೆ ಸಾಫ್ಟ್‌ವೇರೇ ಇಲ್ಲ ಅಂತ ಅವರು ನಂಬ್ತಾರೆ. ಹೋಮ್ ಡೈರೆಕ್ಟರಿಯಲ್ಲಿ ತಾವೇ ಕಂಪೈಲ್ ಮಾಡೋಕೆ ಕೂತರೆ ಪ್ರಾಜೆಕ್ಟ್‌ನ ಒಂದು ವಾರ ಹೋಯ್ತು. ಹಾಗಾಗಿ ಪಟ್ಟಿ ಪೂರ್ತಿ ಇರಬೇಕು.

ಸುಮ್ಮನೆ ‘ಮಾಡ್ಯೂಲ್ ಅವೇಲ್’ಗೆ ಪೈಪ್ ಹಾಕಿ ಗ್ರೆಪ್ ಮಾಡಿ ನೋಡಿ. ಎಲ್‌ಮಾಡ್‌ನಲ್ಲಿ ಗ್ರೆಪ್ ಏನನ್ನೂ ಸೋಸೋದಿಲ್ಲ, ಇಡೀ ಪಟ್ಟಿ ಹಾಗೇ ಬಂದು ಬೀಳುತ್ತೆ. ಕಾರಣ ಮಜವಾಗಿದೆ. ‘ಮಾಡ್ಯೂಲ್’ ಅನ್ನೋದು ಪ್ರೋಗ್ರಾಂ ಅಲ್ಲ, ಶೆಲ್ ಫಂಕ್ಷನ್. ಬೇರೆ ಪ್ರೋಗ್ರಾಂ ಒಂದು ನಮ್ಮ ಶೆಲ್‌ನ ಪಾತ್ ಬದಲಾಯಿಸೋಕೆ ಆಗಲ್ಲ. ಅದಕ್ಕೆ ಎಲ್‌ಮಾಡ್ ಶೆಲ್ ಕಮಾಂಡ್‌ಗಳನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯುತ್ತದೆ, ಫಂಕ್ಷನ್ ಅವನ್ನು ‘ಇವಾಲ್’ ಮಾಡುತ್ತದೆ. ಆ ದಾರಿ ಶೆಲ್‌ಗೆ ಮೀಸಲಾದ್ದರಿಂದ ಮನುಷ್ಯರಿಗೆ ಹೇಳೋದೆಲ್ಲ ಸ್ಟ್ಯಾಂಡರ್ಡ್ ಎರರ್‌ನಲ್ಲಿ ಹೋಗಬೇಕು. ಪೈಪ್‌ಗೆ ಮುಂಚೆ 2>&1 ಹಾಕಿದರೆ ಗ್ರೆಪ್ ಕೆಲಸ ಮಾಡುತ್ತೆ. ಪೈಥಾನ್‌ನ ಸಬ್‌ಪ್ರೋಸೆಸ್‌ನಿಂದ ‘ಮಾಡ್ಯೂಲ್’ ಕರೆದರೆ ‘ಅಂಥ ಫೈಲ್ ಇಲ್ಲ’ ಅಂತ ಬೈಸಿಕೊಳ್ಳೋದೂ ಇದೇ ಕಾರಣಕ್ಕೆ.

ಮುಂದಿನ ತೊಂದರೆ ಅಂದವಾದ ಕಾಲಂಗಳದ್ದು. ಟರ್ಮಿನಲ್ ಅಗಲ ಬದಲಾದರೆ ಕಾಲಂಗಳೂ ಬದಲಾಗ್ತವೆ, ಡೀಫಾಲ್ಟ್ ವರ್ಷನ್ ಪಕ್ಕದಲ್ಲಿ ಬ್ರಾಕೆಟ್ ಒಳಗೆ ‘ಡಿ’ ಕೂತಿರುತ್ತೆ. ‘-ಟಿ’ ಕೊಟ್ಟರೆ ಸಾಲಿಗೊಂದೇ ಹೆಸರು. ಆಗಲೂ ನಡುನಡುವೆ ಕೋಲನ್‌ನಿಂದ ಮುಗಿಯುವ ಡೈರೆಕ್ಟರಿ ಹೆಸರು ಬರುತ್ತೆ, ಅದನ್ನು ಬಿಡಬೇಕು. ಪುಟ್ಟ ಸ್ಕ್ರಿಪ್ಟ್‌ಗೆ ಇಷ್ಟು ಸಾಕು.

ನಮ್ಮ ಪುಟಕ್ಕೆ ಮಾತ್ರ ಸಾಲದು. ಎಷ್ಟೋ ಕ್ಲಸ್ಟರ್‌ಗಳಲ್ಲಿ ಮಾಡ್ಯೂಲ್‌ಗಳು ಮೆಟ್ಟಿಲು ಮೆಟ್ಟಿಲಾಗಿರುತ್ತವೆ: ಕಂಪೈಲರ್ ಲೋಡ್ ಆದ ಮೇಲೆ ಅದರ ಎಂಪಿಐ ಕಾಣುತ್ತೆ, ಎಂಪಿಐ ಲೋಡ್ ಆದ ಮೇಲೆ ಅದರಲ್ಲಿ ಕಟ್ಟಿದ ಸಾಫ್ಟ್‌ವೇರ್. ‘ಅವೇಲ್’ ತೋರಿಸೋದು ಈ ಕ್ಷಣ ಲೋಡ್ ಮಾಡಬಹುದಾದದ್ದನ್ನು ಮಾತ್ರ. ಅದನ್ನೇ ನಂಬಿದ ಸ್ಕ್ರಿಪ್ಟ್ ಯಾವ ಎರರ್ ಕೂಡ ಕೊಡದೆ ಅರ್ಧ ಪಟ್ಟಿ ಹಾಕುತ್ತೆ. ಕ್ರ್ಯಾಶ್ ಆಗಿದ್ದರೆ ಗೊತ್ತಾದರೂ ಆಗ್ತಿತ್ತು!

ಇದಕ್ಕೆ ಎಲ್‌ಮಾಡ್ ಜೊತೆಗೇ ಬರುವ ‘ಸ್ಪೈಡರ್’ ಪ್ರೋಗ್ರಾಂ ಇದೆ. ಮಾಡ್ಯೂಲ್ ಪಾತ್ ಕೊಟ್ಟು, ‘-ಓ’ ಆಯ್ಕೆಯಲ್ಲಿ ‘ಜೇಸನ್ ಸಾಫ್ಟ್‌ವೇರ್ ಪೇಜ್’ ಕೇಳಿದರೆ ಎಲ್ಲ ಮೆಟ್ಟಿಲನ್ನೂ ಹತ್ತಿಳಿದು ಜೇಸನ್ ಕೊಡುತ್ತದೆ: ಪ್ಯಾಕೇಜ್ ಹೆಸರು, ವಿವರಣೆ, ಡೀಫಾಲ್ಟ್ ಯಾವುದು, ವರ್ಷನ್‌ಗಳು, ಫೈಲ್ ಇರುವ ಜಾಗ. ಆ ಆಯ್ಕೆಯ ಹೆಸರಿನಲ್ಲಿ ಖಾಲಿ ಜಾಗ ಇಲ್ಲ, ಕ್ಯಾಪಿಟಲ್ ಅಕ್ಷರಗಳೂ ಇವೆ, ಮ್ಯಾನ್ಯುಯಲ್ ನೋಡಿ ಹಾಗೇ ಟೈಪ್ ಮಾಡಿ. ಎಲ್‌ಮಾಡ್ ಬದಲು ಎನ್ವಿರಾನ್‌ಮೆಂಟ್ ಮಾಡ್ಯೂಲ್ಸ್ ಇದ್ದರೆ, ಅದರ ಹೊಸ ವರ್ಷನ್‌ಗಳಲ್ಲಿ ‘ಅವೇಲ್’ಗೇ ಜೇಸನ್ ಆಯ್ಕೆ ಇದೆ.

ಜೇಸನ್‌ನಲ್ಲಿ ನಮಗೆ ತುಂಬಾ ಇಷ್ಟವಾದ ಫೀಲ್ಡ್ ‘ಕೆನೋನಿಕಲ್ ವರ್ಷನ್ ಸ್ಟ್ರಿಂಗ್’. ಅಕ್ಷರವಾಗಿ ಸಾರ್ಟ್ ಮಾಡಿದರೆ 10 ಮೊದಲು, 9 ಆಮೇಲೆ ಬರುತ್ತೆ ಅಲ್ವಾ? ಈ ಫೀಲ್ಡ್‌ನಲ್ಲಿ ಪ್ರತಿ ಅಂಕಿಯ ಮುಂದೆ ಸೊನ್ನೆ ತುಂಬಿರುವುದರಿಂದ ಸಾಮಾನ್ಯ ಸಾರ್ಟ್ ಕೂಡ ಸರಿಯಾಗಿ ಜೋಡಿಸುತ್ತದೆ.

ಸ್ಕ್ರಿಪ್ಟ್ ಅನ್ನು ಕ್ರಾನ್‌ನಲ್ಲಿ ದಿನಾ ರಾತ್ರಿ ಓಡಿಸಿ. ಪಟ್ಟಿ ಖಾಲಿ ಬಂದರೆ ಹಳೆಯ ಪುಟವನ್ನು ಅಳಿಸದೆ ನಿಲ್ಲುವಂತೆ ಒಂದು ‘ಇಫ್’ ಹಾಕಿ, ಪುಟದ ತಲೆಯಲ್ಲಿ ತಾರೀಕು ಬರಲಿ.